ಬ್ರೌಸರ್‌ನಲ್ಲಿ ತೆರೆಯುವ ಸೋಲರ್ ಟರ್ಮಿನಲ್‌ನಲ್ಲಿ ಯಾಕೆ 401 ಅನ್ನುತ್ತದೆ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಘಟಕ. ಯಾವ ಲಾಟ್ ಹೊಲಿಗೆಯಲ್ಲಿದೆ, ಯಾವುದು ವಾಶಿಂಗ್‌ಗೆ ಹೋಗಿದೆ ಅಂತ ಹುಡುಕಲು ಅಪಾಚೆ ಸೋಲರ್ ಎಂಬ ಹುಡುಕಾಟದ ತಂತ್ರಾಂಶ ಹಾಕಿಕೊಂಡಿದ್ದೇವೆ. ಹೋದ ವಾರ ಅದಕ್ಕೆ ಪಾಸ್‌ವರ್ಡ್ ಇಟ್ಟೆ. ಬ್ರೌಸರ್‌ನಲ್ಲಿ ಚೆನ್ನಾಗಿ ತೆರೆಯುತ್ತದೆ. ಟರ್ಮಿನಲ್‌ನಲ್ಲಿ ಸ್ಟೇಟಸ್ ಕೇಳಿದರೆ 401, ಅಂದರೆ ಗುರುತು ಸಿಗಲಿಲ್ಲ ಎಂಬ ತಪ್ಪು ಸಂಖ್ಯೆ, ಬರುತ್ತದೆ. ಸ್ಟಾಪ್ ಕೊಟ್ಟರೆ ಮಾತ್ರ ಏನೂ ಕೇಳದೆ ಸುಮ್ನೆ ನಿಂತುಬಿಡುತ್ತದೆ! ಏನಿದು?

ಉತ್ತರ: ಕೊನೆಯಲ್ಲಿ ಹೇಳಿದಿರಲ್ಲ, ಸುಳಿವು ಅಲ್ಲೇ ಇದೆ. ಸೋಲರ್‌ನ ಕಮಾಂಡ್ ಅದೇ ಕಂಪ್ಯೂಟರಿನಲ್ಲಿದ್ದರೂ, ಸ್ಟೇಟಸ್ ಕೇಳುವಾಗ ಹೊರಗಿನವರ ಹಾಗೆ 8983ನೇ ಪೋರ್ಟ್‌ಗೇ ಹೋಗಿ ಬಾಗಿಲು ತಟ್ಟುತ್ತದೆ. ನೀವು ಬ್ರೌಸರ್‌ಗೆ ಕೊಟ್ಟ ಪಾಸ್‌ವರ್ಡ್ ಅದಕ್ಕೆ ಹೇಗೆ ಗೊತ್ತಾಗಬೇಕು? ಸ್ಟಾಪ್ ಈ ದಾರಿ ಹಿಡಿಯುವುದಿಲ್ಲ. ಅದು ಹೋಗುವುದು 7983ಕ್ಕೆ. ಅಲ್ಲಿ ನಿಮ್ಮ ಪಾಸ್‌ವರ್ಡ್ ಕೇಳುವವರಿಲ್ಲ.

ಮೊದಲು ಪಾಸ್‌ವರ್ಡ್ ಸರಿಯಿದೆಯಾ ನೋಡಿ. ಟರ್ಮಿನಲ್‌ನಿಂದ ವೆಬ್ ವಿಳಾಸ ತೆರೆಯುವ ಕರ್ಲ್ ಕಮಾಂಡ್‌ಗೆ ಸೋಲರ್‌ನ ವಿಳಾಸದ ಜೊತೆ ಮೈನಸ್ ಯು ಹಾಕಿ ಹೆಸರಷ್ಟೇ ಕೊಡಿ, ಪಾಸ್‌ವರ್ಡನ್ನು ಅದೇ ಕೇಳುತ್ತದೆ. ಸಾಲಿನಲ್ಲೇ ಬರೆದರೆ ಹಿಸ್ಟರಿಯಲ್ಲಿ ಉಳಿದುಬಿಡುತ್ತದೆ. ಆಗಲೂ 401 ಬಂದರೆ ಹೆಸರೋ ಪಾಸ್‌ವರ್ಡೋ ತಪ್ಪು. 403 ಬಂದರೆ ಗುರುತು ಸಿಕ್ಕಿದೆ, ಆ ಕೆಲಸಕ್ಕೆ ಅನುಮತಿ ಇಲ್ಲ ಅಂತ ಅರ್ಥ. ಆಗ ಸೆಕ್ಯುರಿಟಿ ಡಾಟ್ ಜೇಸನ್ ಫೈಲ್‌ನಲ್ಲಿ ಆ ಹೆಸರಿಗೆ ಯಾವ ರೋಲ್ ಇದೆ ನೋಡಬೇಕು. ಮರೆತ ಪಾಸ್‌ವರ್ಡ್ ಹುಡುಕಲು ಆ ಫೈಲ್ ತೆರೆದು ಪ್ರಯೋಜನವಿಲ್ಲ, ಅಲ್ಲಿರುವುದು ಬರೀ ಹ್ಯಾಶ್, ಅಂದರೆ ಮೂಲ ಪಾಸ್‌ವರ್ಡ್‌ಗೆ ಹಿಂತಿರುಗಿಸಲಾಗದ ಅಕ್ಷರಗಳ ಸಾಲು.

ಕಮಾಂಡ್‌ಗೆ ಪಾಸ್‌ವರ್ಡ್ ತಿಳಿಸುವ ಜಾಗ ಸೋಲರ್ ಡಾಟ್ ಇನ್ ಡಾಟ್ ಎಸ್‌ಎಚ್ ಎಂಬ ಫೈಲ್. ಲಿನಕ್ಸ್‌ನಲ್ಲಿ ಸರ್ವಿಸ್ ಆಗಿ ಹಾಕಿದ್ದರೆ ಅದು ಇಟಿಸಿ ಒಳಗಿನ ಡೀಫಾಲ್ಟ್ ಫೋಲ್ಡರ್‌ನಲ್ಲಿರುತ್ತದೆ. ಬೇಕಾದ ಎರಡು ಸಾಲು, ಆಥ್ ಟೈಪ್ ಮತ್ತು ಆಥೆಂಟಿಕೇಶನ್ ಆಪ್ಟ್ಸ್, ಆಗಲೇ ಅಲ್ಲಿವೆ. ಸಾಲಿನ ಮೊದಲಿಗಿರುವ ಕಾಮೆಂಟ್ ಗುರುತು (#) ತೆಗೆದು, ಎರಡನೇ ಸಾಲಿನ ಮಾದರಿಯ ಜಾಗದಲ್ಲಿ ನಿಮ್ಮ ಹೆಸರು, ಕೋಲನ್, ಪಾಸ್‌ವರ್ಡ್ ಬರೆಯಿರಿ. ಮಾದರಿಗೆ ಕೊಟ್ಟಿರುವ ಸೋಲರ್‌ರಾಕ್ಸ್ ಪಾಸ್‌ವರ್ಡ್ ಊರಿಗೆಲ್ಲ ಗೊತ್ತು. ನಿಮ್ಮದೂ ಅದೇ ಆಗಿದ್ದರೆ ಮೊದಲು ಬದಲಿಸಿ. ಪಾಸ್‌ವರ್ಡ್‌ನಲ್ಲಿ ಡಾಲರ್ ಚಿಹ್ನೆ ಇದ್ದರೆ ಜೋಡಿ ಉದ್ಧರಣ ಚಿಹ್ನೆಯ ಒಳಗೆ ಶೆಲ್ ಅದನ್ನು ನುಂಗುತ್ತದೆ, ಒಂಟಿ ಚಿಹ್ನೆ ಹಾಕಿ. ಸೋಲರ್ 9ರ ಇತ್ತೀಚಿನ ಆವೃತ್ತಿಗಳಲ್ಲಿ ಕಮಾಂಡ್‌ಗೇ ಮೈನಸ್ ಯು ಕೊಡಬಹುದು.

ಇಷ್ಟಾದ ಮೇಲೂ 401 ಬಂತಾ? ನಾನು ಅರ್ಧ ದಿನ ಕಳೆದುಕೊಂಡದ್ದು ಇಲ್ಲೇ. ಸರ್ವಿಸ್ ಆಗಿ ಹಾಕುವಾಗ ಇನ್‌ಸ್ಟಾಲರ್ ಆ ಫೈಲನ್ನು ರೂಟ್ ಮತ್ತು ಸೋಲರ್ ಗುಂಪು ಮಾತ್ರ ಓದುವಂತೆ ಇಡುತ್ತದೆ. ನೀವು ನಿಮ್ಮ ಸ್ವಂತ ಲಾಗಿನ್‌ನಿಂದ ಕಮಾಂಡ್ ಕೊಟ್ಟರೆ ಅದಕ್ಕೆ ಫೈಲ್ ಓದಲು ಆಗುವುದಿಲ್ಲ, ಆಗಲಿಲ್ಲ ಅಂತ ಹೇಳುವುದೂ ಇಲ್ಲ. ಸುಮ್ಮನೆ ಪಾಸ್‌ವರ್ಡ್ ಇಲ್ಲದೆ ಹೋಗಿ ಬಾಗಿಲು ತಟ್ಟುತ್ತದೆ. ಹಾಗಂತ ಫೈಲನ್ನು ಎಲ್ಲರಿಗೂ ತೆರೆದಿಡಬೇಡಿ. ಸುಡೊ ಮೈನಸ್ ಯು ಸೋಲರ್ ಅಂತ ಮೊದಲು ಹಾಕಿ ಅದೇ ಕಮಾಂಡ್ ಕೊಡಿ, ಆಗ ಅದು ಸೋಲರ್ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ.