ರೂಪಾಯಿ, ಆಣೆ, ಪೈ ಲೆಕ್ಕದಲ್ಲಿ ಸಮಯ

ಎಮ್ಯಾಕ್ಸ್‌ ಎಂಬ, ಕಂಪ್ಯೂಟರಿನಲ್ಲಿ ಬರಹ ತಿದ್ದುವ ಎಡಿಟರ್‌ಗೆ ಅದರದೇ ಲಿಸ್ಪ್‌ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಈಗ ಸಮಯ ಎಷ್ಟು’ ಎಂದು ಕೇಳಿದರೆ ಒಂದು ಸಂಖ್ಯೆ ಬರುವುದಿಲ್ಲ, ನಾಲ್ಕು ಸಂಖ್ಯೆಗಳ ಪಟ್ಟಿ ಬರುತ್ತದೆ. 2023ರ ನವೆಂಬರ್ 15ರ ಬೆಳಗಿನ ಜಾವ ನಮ್ಮ ಗಡಿಯಾರದಲ್ಲಿ 3:43:20 ಆದಾಗ, ಕಂಪ್ಯೂಟರ್‌ಗಳು ವಾಡಿಕೆಯಂತೆ 1970ರ ಆರಂಭದಿಂದ ಎಣಿಸುವ ಸೆಕೆಂಡುಗಳು ಸರಿಯಾಗಿ 170 ಕೋಟಿ. ಎಮ್ಯಾಕ್ಸ್‌ ಲೆಕ್ಕದಲ್ಲಿ ಅದು 25939, 61696, 0, 0. ಮೊದಲನೆಯದು 65,536 ಸೆಕೆಂಡಿನ ಕಟ್ಟುಗಳು, ಎರಡನೆಯದು ಉಳಿದ ಚಿಲ್ಲರೆ ಸೆಕೆಂಡು, ಆಮೇಲೆ ಮೈಕ್ರೋಸೆಕೆಂಡು (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು), ಪಿಕೋಸೆಕೆಂಡು (ಅದರಲ್ಲೂ ಹತ್ತು ಲಕ್ಷದಲ್ಲೊಂದು ಪಾಲು). ಆಣೆ, ಪೈ ಎಣಿಸಿದ ಹಳಬರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ. ಆದರೂ 18 ಗಂಟೆ 12 ನಿಮಿಷ 16 ಸೆಕೆಂಡಿಗೊಂದು ಕಟ್ಟು!

ಇದು ಯಾರದೋ ಹುಚ್ಚಾಟವಲ್ಲ. ಗ್ನೂ ಎಮ್ಯಾಕ್ಸ್‌ ಹುಟ್ಟಿದ್ದು 1985ರಲ್ಲಿ. ಆಗಿನ 32 ಬಿಟ್‌ ಪದದಲ್ಲಿ (ಕಂಪ್ಯೂಟರ್ ಒಂದು ಸಲಕ್ಕೆ ಹಿಡಿಯುವ ಬಿಟ್‌ಗಳ ಗುಂಪು) ಕೆಲವು ಬಿಟ್‌ಗಳು ‘ಇದು ಪೂರ್ಣಾಂಕ, ಇದು ಪಟ್ಟಿ’ ಎಂಬ ಗುರುತಿಗೇ ಹೋಗುತ್ತಿದ್ದವು. ಉಳಿದ ಜಾಗದಲ್ಲಿ ಸೆಕೆಂಡುಗಳ ಲೆಕ್ಕ ಹಿಡಿಸದ್ದರಿಂದ ಎರಡು ತುಂಡು ಮಾಡಿದರು.

ಲಿಸ್ಪ್‌ ಒಳಗೇ ಇದ್ದವರಿಗೆ ಇದರಿಂದ ತೊಂದರೆ ಇರಲಿಲ್ಲ. 2016ರಲ್ಲಿ ಎಮ್ಯಾಕ್ಸ್‌ನ 25.1 ಆವೃತ್ತಿ ಬಂದು, ಸಿ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡ್ಯೂಲ್ (ಹೆಚ್ಚುವರಿ ತುಣುಕು)‌ ಬರೆದು ಜೋಡಿಸುವ ದಾರಿ ತೆರೆಯಿತು. ಸಿ ಕಡೆಯಲ್ಲಿ ಸಮಯ ಅಂದರೆ ‘ಟೈಮ್‌ಸ್ಪೆಕ್’: ಸೆಕೆಂಡಿಗೆ ಒಂದು ಸಂಖ್ಯೆ, ನ್ಯಾನೊಸೆಕೆಂಡಿಗೆ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಇನ್ನೊಂದು. ಲಿಸ್ಪ್‌ ಕಡೆಯಿಂದ ಬರುವುದು ಮಾತ್ರ ಪಟ್ಟಿಯೇ ಆಗಬೇಕೆಂದಿಲ್ಲ. ಪೂರ್ಣಾಂಕ ಇರಬಹುದು, ದಶಮಾಂಶ ಇರಬಹುದು, ಏನೂ ಇಲ್ಲದ ‘ನಿಲ್’ ಕೂಡ ಇರಬಹುದು. ಅದರ ಅರ್ಥ ‘ಈಗ’! ಇಷ್ಟೂ ರೂಪಗಳನ್ನು ಪ್ರತಿಯೊಬ್ಬ ಮಾಡ್ಯೂಲ್‌ ಬರಹಗಾರನೂ ತಾನೇ ಬಿಡಿಸಬೇಕಿತ್ತು. ಬೇಸತ್ತವರಿಗೆ ಸುಲಭದ ದಾರಿಯೂ ಇತ್ತು: ಎಲ್ಲವನ್ನೂ ದಶಮಾಂಶ ಮಾಡಿ ದಾಟಿಸುವುದು.

ಆ ಸುಲಭದ ದಾರಿಯೇ ಕೈಕೊಡುವುದು. 64 ಬಿಟ್‌ ದಶಮಾಂಶದಲ್ಲಿ ನಿಖರತೆಗೆ ಸಿಗುವುದು 53 ಬಿಟ್‌. ಇವತ್ತಿನ ಸೆಕೆಂಡುಗಳ ಲೆಕ್ಕ ಬರೆದರೆ ಒಂದು ಮೌಲ್ಯಕ್ಕೂ ಮುಂದಿನದಕ್ಕೂ ಸುಮಾರು 240 ನ್ಯಾನೊಸೆಕೆಂಡು ಅಂತರ. ಪೈಥಾನ್‌ ಭಾಷೆ ಕೂಡ ಇದರಲ್ಲೇ ಸಿಕ್ಕಿಕೊಂಡಿತ್ತು. 2018ರ 3.7 ಆವೃತ್ತಿಯಲ್ಲಿ ನ್ಯಾನೊಸೆಕೆಂಡನ್ನು ಪೂರ್ಣಾಂಕವಾಗಿ ಕೊಡುವ ಫಂಕ್ಷನ್‌ ಬಂತು. ಅದೇ ಲೆಕ್ಕದ ಸಮಯವನ್ನು ಸಿ ಭಾಷೆಯಲ್ಲಿ ಬರೆದು ಜೋಡಿಸುವ ಎಕ್ಸ್‌ಟೆನ್ಶನ್‌ಗಳಿಗೆ ಅಧಿಕೃತವಾಗಿ ತೆರೆದಿಟ್ಟದ್ದು 2024ರ 3.13ರಲ್ಲಿ.

ಎಮ್ಯಾಕ್ಸ್‌ನವರು 2020ರ 27.1ರಲ್ಲಿ ರೂಪಗಳನ್ನು ಬಿಡಿಸುವ ಆ ಕೆಲಸವನ್ನು ತಮ್ಮ ಮೇಲೆಯೇ ಹಾಕಿಕೊಂಡರು. ‘ಎಕ್ಸ್‌ಟ್ರ್ಯಾಕ್ಟ್‌ ಟೈಮ್’ ಎಂಬ ಫಂಕ್ಷನ್ ಯಾವ ರೂಪ ಬಂದರೂ ಟೈಮ್‌ಸ್ಪೆಕ್ ಮಾಡಿಕೊಡುತ್ತದೆ, ‘ಮೇಕ್‌ ಟೈಮ್’ ವಾಪಸ್‌ ದಾಟಿಸುತ್ತದೆ. ಹಿಡಿಸದಷ್ಟು ದೊಡ್ಡ ಸಮಯ ಬಂದರೆ ಸುಮ್ಮನೆ ಕತ್ತರಿಸದೆ ದೋಷ ಎತ್ತುತ್ತದೆ. ನನಗೆ ಹಿಡಿಸಿದ್ದು ಋಣ ಸಮಯದ ಲೆಕ್ಕ. ನ್ಯಾನೊಸೆಕೆಂಡು ಎಂದೂ ಸೊನ್ನೆಗಿಂತ ಕೆಳಗಿಳಿಯುವಂತಿಲ್ಲ. ಹಾಗಾಗಿ 1970ಕ್ಕೆ ಮುಕ್ಕಾಲು ಸೆಕೆಂಡು ಮುಂಚಿನ ಕ್ಷಣ ಅಂದರೆ ಸೆಕೆಂಡು ಮೈನಸ್ 1, ನ್ಯಾನೊಸೆಕೆಂಡು 25 ಕೋಟಿ. ಹನ್ನೆರಡಾಣೆ ಸಾಲವನ್ನು ‘ಒಂದು ರೂಪಾಯಿ ಸಾಲ, ಕೈಯಲ್ಲಿ ನಾಲ್ಕಾಣೆ’ ಎಂದು ಬರೆದಿಟ್ಟ ಹಾಗೆ.

ಅದೇ ಆವೃತ್ತಿಯಲ್ಲಿ ಎಷ್ಟು ದೊಡ್ಡ ಪೂರ್ಣಾಂಕವಾದರೂ ಹಿಡಿಸುವಂತಾಯಿತು. ತುಂಡು ಮಾಡಲು ಇದ್ದ ಮೂಲ ಕಾರಣವೇ ಅಲ್ಲಿಗೆ ಮುಗಿಯಿತು. ‘ಮೇಕ್‌ ಟೈಮ್’ ಕೊಡುವುದೂ ಎರಡೇ ಸಂಖ್ಯೆ: ಎಷ್ಟು ಮಿಡಿತ, ಸೆಕೆಂಡಿಗೆ ಎಷ್ಟರಂತೆ. ಆದರೆ ಹಳೆಯ ಲಿಸ್ಪ್‌ ಕೋಡ್‌ ಮುರಿಯಬಾರದಲ್ಲ. ಹಾಗಾಗಿ ಲಿಸ್ಪ್‌ನಲ್ಲೇ ಸಮಯ ಕೇಳಿದವರಿಗೆ ಈಗಲೂ ಸಿಗುವುದು 65,536ರ ಕಟ್ಟುಗಳೇ.