ಹಗ್ಗ ಹರಿದರೆ ಎಂಬ ಭಯ: ಲಿಫ್ಟ್, ಎಸ್ಕಲೇಟರ್ ಮತ್ತು ಎತ್ತರದ ಕಟ್ಟಡಗಳ ಸುರಕ್ಷತೆ

ಕಳೆದ ಬೇಸಿಗೆಯಲ್ಲಿ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಅಜ್ಜಿಯನ್ನು ಮೂರನೆಯ ಮಹಡಿಗೆ ಕರೆದೊಯ್ಯುತ್ತಿದ್ದಾಗ ಕರೆಂಟ್ ಹೋಗಿ ಲಿಫ್ಟ್ ನಡುವೆಯೇ ನಿಂತಿತು. ಅಜ್ಜಿ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, "ತಮ್ಮಾ, ಹಗ್ಗ ಹರದ್ರ ಹ್ಯಾಂಗ?" ಎಂದು ಕೇಳಿದಳು. ಜನರೇಟರ್ ಚಾಲೂ ಆಗುವವರೆಗಿನ ಎರಡು ನಿಮಿಷಗಳಲ್ಲಿ ನಾನು ಓದಿದ್ದನ್ನು ಅವಳಿಗೆ ತಿಳಿಯುವಂತೆ ಹೇಳಲಾಗಲಿಲ್ಲ. ಆದ್ದರಿಂದ ಸಹಪಾಠಿಗಳಿಗಾಗಿ ಬರೆಯುವ ಈ ಟಿಪ್ಪಣಿಯನ್ನು ಅವಳ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ಮೊದಲು ಕರೆಂಟಿನ ವಿಷಯ. ಲಿಫ್ಟಿನ ಬ್ರೇಕು ವಿದ್ಯುತ್ ಇದ್ದಾಗ ಬಿಡುತ್ತದೆ, ಇಲ್ಲದಾಗ ಹಿಡಿಯುತ್ತದೆ. ಮೋಟಾರು ತಿರುಗುವಷ್ಟು ಹೊತ್ತು ವಿದ್ಯುತ್ಕಾಂತವೊಂದು ಬಲವಾದ ಸ್ಪ್ರಿಂಗ್‌ಗಳನ್ನು ತಡೆದು ಬ್ರೇಕನ್ನು ತೆರೆದಿಟ್ಟಿರುತ್ತದೆ. ಕರೆಂಟ್ ಹೋದೊಡನೆ ಆ ತಡೆ ತಪ್ಪಿ ಸ್ಪ್ರಿಂಗ್‌ಗಳು ಬ್ರೇಕನ್ನು ಅದುಮುತ್ತವೆ. ಅಂದು ನಾವು ಅಲುಗಾಡದೆ ನಿಂತದ್ದು ಇದರಿಂದಲೇ. ಪೆಟ್ಟಿಗೆಯಲ್ಲಿ ಗಾಳಿಯಾಡಲು ಕಿಂಡಿಗಳಿರುವುದರಿಂದ ಉಸಿರುಗಟ್ಟುವ ಭಯಕ್ಕೂ ಆಧಾರವಿಲ್ಲ.

ಇನ್ನು ಹಗ್ಗ. ಲಿಫ್ಟನ್ನು ಒಂದೇ ಹಗ್ಗಕ್ಕೆ ತೂಗುಬಿಡುವುದಿಲ್ಲ. ಹಲವು ಉಕ್ಕಿನ ಹಗ್ಗಗಳು ಮೇಲಿನ ಗಾಲಿಯನ್ನು ಬಳಸಿ ಹೋಗಿ ಇನ್ನೊಂದು ತುದಿಯಲ್ಲಿ ಪ್ರತಿಭಾರವನ್ನು ಹೊತ್ತಿರುತ್ತವೆ. ಬಾವಿಯ ಗಡಗಡಿಗೆ ಒಂದು ಕಡೆ ಕೊಡ, ಇನ್ನೊಂದು ಕಡೆ ಕಲ್ಲು ಕಟ್ಟಿದಂತೆ ಎಂದು ಊಹಿಸಿಕೊಳ್ಳಿ. ಪ್ರತಿಭಾರದ ತೂಕ ಸಾಮಾನ್ಯವಾಗಿ ಖಾಲಿ ಪೆಟ್ಟಿಗೆಯ ತೂಕ ಮತ್ತು ಪೂರ್ಣ ಹೊರೆಯ ಶೇ. 40ರಿಂದ 50ರಷ್ಟು ಸೇರಿದ್ದಾಗಿರುತ್ತದೆ. ಹೀಗಾಗಿ ಒಬ್ಬರೋ ಇಬ್ಬರೋ ಇರುವ ಪೆಟ್ಟಿಗೆಯ ಬ್ರೇಕ್ ಬಿಟ್ಟರೆ ಅದು ಮೇಲಕ್ಕೆ ಜಗ್ಗುತ್ತದೆ. ಪರೀಕ್ಷೆಯಲ್ಲಿ ನಮ್ಮಲ್ಲಿ ಬಹುಮಂದಿ ತಪ್ಪುವುದು ಇಲ್ಲಿಯೇ.

ಎಲ್ಲ ಹಗ್ಗಗಳೂ ಹರಿದವೆಂದೇ ಇಟ್ಟುಕೊಳ್ಳೋಣ. 1854ರಲ್ಲಿ ನ್ಯೂಯಾರ್ಕಿನಲ್ಲಿ, ಲಿಫ್ಟಿಗೆ ಸುರಕ್ಷತಾ ಬ್ರೇಕ್ ರೂಪಿಸಿದ ಎಲಿಷಾ ಓಟಿಸ್ ಜನರೆದುರು ಎತ್ತರದ ಅಟ್ಟಣೆಯ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನೇ ಕಡಿಸಿ, ಅದು ಬೀಳದೆ ನಿಲ್ಲುವುದನ್ನು ತೋರಿಸಿದರು. ಇಂದಿನ ಲಿಫ್ಟುಗಳಲ್ಲಿ ಈ ಕೆಲಸವನ್ನು ವೇಗದ ಮೇಲೆ ಕಣ್ಣಿಡುವ ಗವರ್ನರ್ ಎಂಬ ಸಾಧನ ಆರಂಭಿಸುತ್ತದೆ. ಅದಕ್ಕೆ ಪ್ರತ್ಯೇಕವಾದ ತೆಳು ಹಗ್ಗವಿದ್ದು (ಚಿತ್ರ ಬರೆಯುವಾಗ ಇದನ್ನು ಬೇರೆ ಗೆರೆಯಲ್ಲಿಯೇ ತೋರಿಸಬೇಕು), ವೇಗ ಮಿತಿ ಮೀರಿದಾಗ ಗವರ್ನರ್ ಆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಆಗ ಪೆಟ್ಟಿಗೆಗೆ ಜೋಡಿಸಿದ ಬೆಣೆಗಳು ಎಳೆಯಲ್ಪಟ್ಟು ಎರಡೂ ಬದಿಯ ಹಳಿಗಳನ್ನು ಬಿಗಿಯುತ್ತವೆ. 1945ರ ಜುಲೈ 28ರಂದು ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಬಾಂಬರ್ ವಿಮಾನ ಬಡಿದು ಗವರ್ನರಿನದ್ದೂ ಸೇರಿ ಹಗ್ಗಗಳು ಕಡಿದುಹೋದಾಗ, ಅಲ್ಲಿನ ಲಿಫ್ಟ್ ನಿರ್ವಾಹಕಿ ಬೆಟ್ಟಿ ಲೂ ಆಲಿವರ್ ಇದ್ದ ಲಿಫ್ಟ್ 75 ಅಂತಸ್ತುಗಳಷ್ಟು ಬಿದ್ದಿತು, ಆಕೆ ಬದುಕುಳಿದರು. ಅಂಥ ಬೀಳುವಿಕೆಗೆ ವಿಮಾನವೇ ಬಡಿಯಬೇಕಾಯಿತು ಎಂಬುದನ್ನು ಗಮನಿಸಿ.

ನನ್ನನ್ನು ನಿಜವಾಗಿ ಕಾಡುವುದು ಬಾಗಿಲು. ಪೆಟ್ಟಿಗೆ ಎದುರಿಗಿಲ್ಲದಾಗ ಮಹಡಿಯ ಬಾಗಿಲು ತೆರೆಯಬಾರದು. ಅದಕ್ಕಾಗಿಯೇ ಬಾಗಿಲಿಗೆ ಬೀಗವೂ ವಿದ್ಯುತ್ ಸಂಪರ್ಕವೂ ಇರುತ್ತವೆ. ಆ ಬೀಗ ಸವೆದಿದ್ದರೆ, ಅಥವಾ ಮೆಕ್ಯಾನಿಕ್ ಬಳಿ ಇರಬೇಕಾದ ಕೀಲಿ ಎಲ್ಲರ ಕೈಗೆ ಸಿಕ್ಕರೆ, ಫೋನ್ ನೋಡುತ್ತ ಹೆಜ್ಜೆಯಿಟ್ಟವರು ನೇರವಾಗಿ ಲಿಫ್ಟಿನ ಬಾವಿಗೆ ಬೀಳುತ್ತಾರೆ. ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನಿಂದ ಬಾಗಿಲು ಸರಿಸಿ ಕೆಳಗೆ ಜಿಗಿಯುವುದೂ ಅಷ್ಟೇ ಅಪಾಯ, ಏಕೆಂದರೆ ಪೆಟ್ಟಿಗೆಯ ತಳದ ಕೆಳಗೆ ಬಾವಿಯ ಬಾಯಿ ತೆರೆದಿರುತ್ತದೆ. ಅಂದು ಒಬ್ಬರು ಬಾಗಿಲಿಗೆ ಬೆರಳು ತೂರಿಸತೊಡಗಿದ್ದರು. ಅವರ ಕೈ ಹಿಡಿದು ತಡೆದೆ, ಎಚ್ಚರಿಕೆ ಗಂಟೆ ಒತ್ತಿದೆ.

ಎಸ್ಕಲೇಟರ್‌ನಲ್ಲಿ ಅಪಾಯ ಇರುವುದು ಮೆಟ್ಟಿಲಿಗೂ ಪಕ್ಕದ ತಗಡಿಗೂ ನಡುವಿನ ಸಂದಿಯಲ್ಲಿ ಮತ್ತು ಕೊನೆಯಲ್ಲಿರುವ ಬಾಚಣಿಗೆಯಂಥ ಪಟ್ಟಿಯಲ್ಲಿ. ಸೀರೆಯ ಅಂಚು, ಧೋತರದ ಚುಂಗು, ಮಕ್ಕಳ ಮೆತ್ತನೆಯ ರಬ್ಬರ್ ಚಪ್ಪಲಿ ಅಲ್ಲಿ ಸಿಕ್ಕಿಕೊಳ್ಳುತ್ತವೆ. ತುದಿಗಳಲ್ಲಿರುವ ಕೆಂಪು ಗುಂಡಿ ಅಂಥ ಹೊತ್ತಿಗಾಗಿಯೇ ಇದೆ. ಒತ್ತಲು ಯಾರ ಅಪ್ಪಣೆಯೂ ಬೇಕಿಲ್ಲ.

ಕಟ್ಟಡಗಳ ಮಾತು ಬಂದಾಗ ನಮ್ಮ ಭಾಗದವರಿಗೆ ಕಿಲ್ಲಾರಿಯ ಭೂಕಂಪ ನೆನಪಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರ್‌ಗೆ ಹೊಂದಿಕೊಂಡ ಲಾತೂರ್ ಜಿಲ್ಲೆಯಲ್ಲಿ ನೆಲ ನಡುಗಿದಾಗ, ಮಲಗಿದ್ದವರನ್ನು ಸಾವಿರಗಟ್ಟಲೆ ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳ ಗಿಡ್ಡ ಮನೆಗಳು. ಎತ್ತರವೊಂದೇ ಅಪಾಯದ ಅಳತೆಯಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗಿಲ್ಲ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನ ಅಪಾರ್ಟ್‌ಮೆಂಟುಗಳು ಕುಸಿದಾಗ, ವಾಹನ ನಿಲ್ಲಿಸಲೆಂದು ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ಬಿಟ್ಟಿದ್ದ ಕೆಳ ಅಂತಸ್ತು ಮುಖ್ಯ ದೌರ್ಬಲ್ಯವಾಗಿ ಕಂಡುಬಂತು. ಮೇಲಿನ ಅಂತಸ್ತುಗಳು ಗೋಡೆಗಳಿಂದ ಗಡುಸಾಗಿರುವಾಗ ಅಲುಗಾಟದ ಬಹುಪಾಲು ಆ ಕಂಬಗಳ ಮೇಲೆಯೇ ಬೀಳುತ್ತದೆ. ಕಲಬುರಗಿಯಲ್ಲಿ ಇಂಥ ಕಟ್ಟಡವನ್ನು ನೋಡಲು ಹೋದಾಗ ಹತ್ತನೆಯ ಅಂತಸ್ತಿನ ಬಾಲ್ಕನಿಗಿಂತ ಮೊದಲು ಪಾರ್ಕಿಂಗಿಗೆ ಇಳಿದು, ಕಂಬಗಳ ಗಾತ್ರವನ್ನೂ ಅವುಗಳ ನಡುವೆ ಕಾಂಕ್ರೀಟ್ ಗೋಡೆಗಳು ಎಲ್ಲೆಲ್ಲಿವೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.