‘ಶುಗರ್ ಮಾಯ’ ಎಂದು ಬರೆಯದೆ ಕಷಾಯ ಪುಡಿ ಮಾರೋದು ಹೇಗೆ?

ಪ್ರಶ್ನೆ: ಸಾಗರದ ಹತ್ತಿರ ನಮ್ಮದೊಂದು ಸಣ್ಣ ಗೃಹೋದ್ಯಮ. ಕಷಾಯ ಪುಡಿ, ಒಣಗಿಸಿದ ಉಪ್ಪಾಗೆ ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತೇವೆ. ಬೇರೆಯವರು ವಾಟ್ಸಾಪ್‌ನಲ್ಲಿ ‘ಶುಗರ್ ಮಾಯ’, ‘ಬೊಜ್ಜು ಕರಗುತ್ತೆ’ ಅಂತ ಹಾಕಿ ಚೆನ್ನಾಗಿ ವ್ಯಾಪಾರ ಮಾಡ್ತಾರೆ. ಇದ್ದದ್ದು ಇದ್ದಹಾಗೆ ಬರೆದರೆ ನಮ್ಮನ್ನು ಕೇಳೋರಿಲ್ಲ. ವ್ಯಾಪಾರವೂ ಆಗಬೇಕು, ಮನಸ್ಸಿಗೂ ಚುಚ್ಚಬಾರದು. ಎಷ್ಟು ಹೇಳಬಹುದು?

ಉತ್ತರ: ಶುಗರ್, ಬೊಜ್ಜು ಎರಡನ್ನೂ ಬರೆಯಲೇಬೇಡಿ. ಲಾಭಕ್ಕೆ ಇಷ್ಟು, ಮನಸ್ಸಾಕ್ಷಿಗೆ ಇಷ್ಟು ಅಂತ ಪಾಲು ಮಾಡುವ ವಿಷಯವೇ ಇದಲ್ಲ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿನ ಮೇಲೆ 1954ರಲ್ಲೇ ಒಂದು ಕಾಯ್ದೆ ಬಂದಿದೆ. ಇಂಥ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡಬಾರದು ಅಂತ ಅದರಲ್ಲಿ ಒಂದು ಪಟ್ಟಿ ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ, ಬೊಜ್ಜು ಎಲ್ಲ ಅದರೊಳಗಿವೆ. ಆಹಾರದ ವಿಷಯದಲ್ಲಿ ಸುಳ್ಳು ಜಾಹೀರಾತು ಕೊಟ್ಟರೆ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ವಾಟ್ಸಾಪ್ ಮೆಸೇಜ್ ಜಾಹೀರಾತು ಹೇಗಾಗುತ್ತೆ ಅಂತ ಕೆಲವರು ವಾದ ಮಾಡುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿ ನೋಡಿ. ಇಂಟರ್ನೆಟ್, ಲೇಬಲ್, ಬಿಲ್ಲು ಇರಲಿ, ಹೊಗೆಯಲ್ಲಿ ಬರೆದರೂ ಅದಕ್ಕೆ ಜಾಹೀರಾತೇ! ‘ಇದನ್ನು ಕುಡಿದು ನನ್ನ ಶುಗರ್ ಇಳಿಯಿತು’ ಎಂದು ಗ್ರಾಹಕರು ಕಳಿಸಿದ ವಾಯ್ಸ್ ಮೆಸೇಜನ್ನು ನೀವು ನಾಲ್ಕು ಗ್ರೂಪಿಗೆ ಹಾಕಿದರೆ ಅದೂ ನಿಮ್ಮ ಮಾತೇ ಆಯಿತು.

ಕಾನೂನು ಬದಿಗಿಡೋಣ. ಧನಿಯಾ, ಜೀರಿಗೆ, ಮೆಣಸು, ಮೆಂತ್ಯದ ಕಷಾಯ ಕುಡಿದವರಿಗೆ ಏನೂ ಆಗುವುದಿಲ್ಲ. ಅದನ್ನು ನಂಬಿ ಮಾತ್ರೆ ಬಿಟ್ಟವರಿಗೆ ಆಗುತ್ತದೆ. ಪ್ಯಾಕೆಟ್ಟಿನ ಲಾಭ ನಿಮ್ಮ ಕೈಗೆ, ಆಸ್ಪತ್ರೆಯ ಖರ್ಚು ಅವರ ಮನೆಗೆ. ಯಾವ ಸಾಲನ್ನೇ ಬರೆಯುವಾಗಲೂ ನಾನು ಮೊದಲು ನೋಡುವುದು ಇದನ್ನೇ: ಇದು ಸುಳ್ಳಾದರೆ ಕಳೆದುಕೊಳ್ಳುವವರು ಯಾರು?

ಉಪ್ಪಾಗೆಯದು ಇನ್ನೂ ದೊಡ್ಡ ಕಥೆ. ಮೀನು ಸಾರಿಗೆ, ತಂಬುಳಿಗೆ ಹುಳಿಯಾಗಿದ್ದ ಈ ಕಾಡುಹಣ್ಣಿನ ಸಿಪ್ಪೆ ‘ಗಾರ್ಸೀನಿಯಾ’ ಎಂಬ ಹೆಸರಲ್ಲಿ ತೂಕ ಇಳಿಸುವ ಗುಳಿಗೆಯಾಗಿ ಹೊರದೇಶದ ಅಂಗಡಿಗಳಿಗೆ ಹೋಯಿತು. ಅಮೆರಿಕದ ವೈದ್ಯರ ಪತ್ರಿಕೆ ‘ಜಾಮಾ’ದಲ್ಲಿ 1998ರಲ್ಲಿ ಇದರ ಪರೀಕ್ಷೆಯೊಂದು ಪ್ರಕಟವಾಯಿತು. 135 ಜನ, 12 ವಾರ. ಕೆಲವರಿಗೆ ಗಾರ್ಸೀನಿಯಾ, ಉಳಿದವರಿಗೆ ಔಷಧವೇ ಇಲ್ಲದ ಗುಳಿಗೆ. ಕೊನೆಗೆ ನೋಡಿದರೆ ತೂಕ ಇಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೂ ಆ ಜಾಹೀರಾತು ಇವತ್ತಿಗೂ ನಿಂತಿಲ್ಲ.

ಅದರ ಬಿಲ್ಲು ಬಂದದ್ದು ನಮ್ಮ ಕಾಡಿಗೆ. ಒಳ್ಳೆ ರೇಟು ಅಂದಕೂಡಲೇ ಹಣ್ಣಾಗುವವರೆಗೆ ಕಾಯುವ ತಾಳ್ಮೆ ಹೋಯಿತು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಅಂತ ಕಾಯಿಯನ್ನೇ ಕಿತ್ತರು, ಕೊಂಬೆಯನ್ನೇ ಕಡಿದರು. ಕೊಯ್ಲು ಮಳೆಗಾಲದಲ್ಲಿ. ಬಿಸಿಲಿಲ್ಲ, ಹಾಗಾಗಿ ಸಿಪ್ಪೆ ಒಣಗಿಸಲು ಹೊರೆಗಟ್ಟಲೆ ಸೌದೆ. ಸಿಂಗಳೀಕವೂ ತಿನ್ನುವ ಹಣ್ಣು ಅದು. ಎಲ್ಲೋ ಕೂತು ಯಾರೋ ಬರೆದ ಒಂದು ಸಾಲಿಗೆ ಘಟ್ಟದ ಮರದ ಕೊಂಬೆ ಮುರಿಯುತ್ತದೆ. ಅಲ್ಲಿಂದ ಇಲ್ಲಿಯವರೆಗಿನ ದಾರಿ ಕಾಣುವುದಿಲ್ಲ, ಅಷ್ಟೇ.

ಹಾಗಾದರೆ ಏನು ಬರೆಯಬೇಕು? ನಿಮ್ಮ ಹತ್ತಿರ ಇರುವುದನ್ನು. ‘ಹಣ್ಣಾದ ಮೇಲೆ ಕೊಯ್ದ ಉಪ್ಪಾಗೆ, ಕೊಂಬೆ ಕಡಿದಿಲ್ಲ, ಸಾರಿಗೆ ಎರಡು ಎಸಳು ಸಾಕು.’ ಇದು ನಿಜವಾಗಿದ್ದರೆ ಮಾತ್ರ ಹಾಕಿ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಯಾವ ಹೊಳೆಯ ದಂಡೆಯ ಮರ, ಜೀರಿಗೆ ಮಿಡಿ ತಳಿಯೋ ಬೇರೆ ತಳಿಯೋ, ಯಾವ ತಿಂಗಳು ಉಪ್ಪಿಗೆ ಹಾಕಿದ್ದು ಅಂತ ಬರೆಯಿರಿ. ಸೊನೆಯ ಪರಿಮಳ ಗೊತ್ತಿರುವವರು ಬೆಂಗಳೂರಿನಲ್ಲೂ ಇದ್ದಾರೆ. ಅವರಿಗೆ ‘ಆರೋಗ್ಯದ ಗುಟ್ಟು’ ಬೇಕಾಗಿಲ್ಲ, ಅಮ್ಮನ ಜಾಡಿಯ ರುಚಿ ಬೇಕು. ಬೇರೆ ಮಾವಿನಕಾಯಿ ಬೆರೆಸಿದ್ದರೆ ಮಾತ್ರ ಅಪ್ಪೆಮಿಡಿ ಅನ್ನಬೇಡಿ.

‘ನೈಸರ್ಗಿಕ’, ‘ಶುದ್ಧ’, ‘ಫ್ರೆಶ್’ ಎಂಬ ಮಾತುಗಳನ್ನೂ ಸುಮ್ನೆ ಉದುರಿಸುವಂತಿಲ್ಲ. ಎಲ್ಲಿ ಬಳಸಬಹುದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಲ್ಲಿದೆ. ‘ಸಾವಯವ’ಕ್ಕೆ ಪ್ರತ್ಯೇಕ ನಿಯಮ, ಅದನ್ನೂ ನೋಡಿಕೊಳ್ಳಿ. ಕನ್ನಡದಲ್ಲಿ ದೊಡ್ಡದಾಗಿ ಆಸೆ ತೋರಿಸಿ ಷರತ್ತನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಹಾಕುವುದೂ ನಡೆಯುವುದಿಲ್ಲ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು ಎಂದು ದಾರಿ ತಪ್ಪಿಸುವ ಜಾಹೀರಾತು ತಡೆಯುವ 2022ರ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ.

ಇಷ್ಟೆಲ್ಲ ಹೇಳಿ ಅಡಿಕೆಯ ಬಗ್ಗೆ ಬಾಯಿ ಮುಚ್ಚಿಕೊಂಡರೆ ಮಲೆನಾಡಿನವನಾಗಿ ಅದು ಸರಿಯಲ್ಲ. ನಮ್ಮ ಅಡಿಕೆಯ ರೇಟು ಪಾನ್ ಮಸಾಲಾ ಉದ್ಯಮವನ್ನು ನೆಚ್ಚಿಕೊಂಡಿದೆ. ತಂಬಾಕಿನ ಜಾಹೀರಾತಿಗೆ 2003ರ ಕಾಯ್ದೆ ತಡೆ ಹಾಕಿತು. ಈಗ ಅದೇ ಬ್ರ್ಯಾಂಡ್ ಹೆಸರಿನಲ್ಲಿ ಏಲಕ್ಕಿ ತೋರಿಸಿ ಸಿನಿಮಾ ನಟರು ನಗುತ್ತಾರೆ. ಇಂಥ ಮುಸುಕಿನ ಜಾಹೀರಾತು ಕೂಡದು ಅಂತ 2022ರ ಮಾರ್ಗಸೂಚಿಯಲ್ಲೂ ಇದೆ. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿದ್ದನ್ನು ನಮ್ಮ ಬೆಳೆಗಾರರು ಒಪ್ಪುವುದಿಲ್ಲ. ಆ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ತೋಟ ನಮ್ಮದು ಅಂದಮಾತ್ರಕ್ಕೆ ಆ ಏಲಕ್ಕಿ ಜಾಹೀರಾತು ಪ್ರಾಮಾಣಿಕವಾಗುವುದಿಲ್ಲ, ಅಲ್ವಾ?

ನಿಜ ಬರೆದರೆ ತಕ್ಷಣ ಮಾರಾಟ ಜಾಸ್ತಿಯಾಗುತ್ತದೆ ಅಂತ ನಾನು ಹೇಳಲಾರೆ. ಮೊದಮೊದಲು ಕಡಿಮೆಯೇ ಆಗಬಹುದು. ಶುಗರ್‌ಗೆಂದು ಕೊಳ್ಳುವವರು ಪಕ್ಕದವರ ಹತ್ತಿರವೇ ಹೋಗುತ್ತಾರೆ. ನಿಮಗೆ ಬೇಕಾದವರು ರುಚಿಗಾಗಿ ಮತ್ತೆ ಬರುವವರು. ಹಾಗಾಗಿ ಜಾಹೀರಾತಿನ ದುಡ್ಡಿನಲ್ಲಿ ಒಂದು ಪಾಲನ್ನು ರುಚಿ ತೋರಿಸಲು ಇಡಿ. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಬಿಸಿ ಕಷಾಯ ಸಣ್ಣ ಲೋಟದಲ್ಲಿ ಕೊಡಿ. ಉಪ್ಪಿನಕಾಯಿ ಪಾರ್ಸೆಲ್ ಜೊತೆ ಒಂದು ಹೊತ್ತಿನ ಪುಡಿ ಹಾಕಿ ಕಳಿಸಿ.

ಸುಳ್ಳು ಹೇಳಿ ಮಾರುವವರ ಮೇಲೆ ದೂರು ಕೊಡಬೇಕೆನಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ. ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು.

ಫೋನ್ ಮಾಡಿ ‘ಇದು ಶುಗರ್‌ಗೆ ಆಗುತ್ತಾ?’ ಅಂತ ಕೇಳುವವರು ಇದ್ದೇ ಇರುತ್ತಾರೆ. ‘ಪುಡಿಗೆ ಸಕ್ಕರೆ, ಬೆಲ್ಲ ಹಾಕಿಲ್ಲ. ಕಾಯಿಲೆಯ ವಿಷಯ ಡಾಕ್ಟರನ್ನೇ ಕೇಳಿ, ಮಾತ್ರೆ ಬಿಡಬೇಡಿ’ ಅನ್ನಿ. ಮನೆಯಲ್ಲಿ ಫೋನ್ ಎತ್ತುವ ಎಲ್ಲರಿಗೂ ಇದನ್ನೇ ಹೇಳಲು ಕಲಿಸಿಡಿ.